ನರ್ಸರಿಯ ವೆಬ್‌ಸೈಟ್ ಗೂಗಲ್‌ನಲ್ಲಿ ಮೇಲೆ ಬಂದದ್ದು ಹೀಗೆ: ನನ್ನ ಅನುಭವ

ಶಿರಸಿ ಹತ್ತಿರ ನಮ್ಮದೊಂದು ನರ್ಸರಿ ಇದೆ. ಅಡಿಕೆ ಸಸಿ, ಕಾಳುಮೆಣಸಿನ ಬಳ್ಳಿ, ಹಿಪ್ಪಲಿಗೆ ಕಸಿ ಕಟ್ಟಿದ ಮೆಣಸಿನ ಗಿಡ, ಇವು ಮುಖ್ಯ ವ್ಯಾಪಾರ. ಗಿಡದ ಕೆಲಸ ಮನೆಯವರು ನೋಡಿಕೊಳ್ಳುತ್ತಾರೆ, ವೆಬ್‌ಸೈಟ್ ನನ್ನ ಪಾಲಿಗೆ ಬಂದಿದೆ. ಯಾವ ಕಂಪನಿಗೂ ಕೊಡದೆ ಎಸ್‌ಇಒ ಕೆಲಸ, ಅಂದರೆ ಹುಡುಕಿದವರಿಗೆ ನಮ್ಮ ಸೈಟ್ ಗೂಗಲ್‌ನಲ್ಲಿ ಮೇಲೆ ಕಾಣುವ ಹಾಗೆ ಮಾಡುವ ಕೆಲಸ, ಪೂರ್ತಿ ನಾನೇ ಮಾಡಿದ್ದೇನೆ. ಈಗ ಮಳೆಗಾಲಕ್ಕೆ ಮುಂಚೆ ಬರುವ ಹೊಸ ಗಿರಾಕಿಗಳಲ್ಲಿ ಜಾಸ್ತಿ ಜನ "ಗೂಗಲ್‌ನಲ್ಲಿ ನೋಡಿದೆ" ಅಂತಲೇ ಮಾತು ಶುರು ಮಾಡುತ್ತಾರೆ. ಕನ್ನಡದಲ್ಲಿ ಸೈಟ್ ನಡೆಸುವ ಬೇರೆಯವರಿಗೂ ಉಪಯೋಗಕ್ಕೆ ಬಂದೀತು ಅಂತ ಇದನ್ನು ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟ ಕೆಲಸವನ್ನು ಮೊದಲೇ ಹೇಳಿಬಿಡುತ್ತೇನೆ. ನರ್ಸರಿಗೆ ಫೋನ್ ಮಾಡುವವರು ಕೇಳುವ ಪ್ರಶ್ನೆಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಂಡೆ. ಅವರ ಮಾತಿನಲ್ಲೇ, ತಿದ್ದದೆ. "ಮಾರಾಯ್ರೇ, ನಮ್ಮ ತೋಟದಲ್ಲಿ ಮಳೆಗಾಲ ನೀರು ನಿಲ್ತದೆ, ಯಾವ ಬಳ್ಳಿ ಹಾಕ್ಬಹುದು?" "ಪಣಿಯೂರು ಒಂದು ಎಷ್ಟನೇ ವರ್ಷಕ್ಕೆ ಫಸಲು ಕೊಡ್ತದೆ?" (ಅದೊಂದು ಕಾಳುಮೆಣಸಿನ ತಳಿ.) "ಹಿಪ್ಪಲಿ ಕಸಿ ಹಾಕಿದ್ರೆ ಸೊರಗು ರೋಗ ಬರೋದೇ ಇಲ್ವಾ?" ಒಂದೇ ಪ್ರಶ್ನೆ ಮತ್ತೆ ಮತ್ತೆ ಬಂದರೆ ಅದಕ್ಕೊಂದು ಪುಟ. ಅಷ್ಟೇ ಲೆಕ್ಕ. ಯಾವ ಪದವನ್ನು ಎಷ್ಟು ಜನ ಹುಡುಕುತ್ತಾರೆ ಅಂತ ಹೇಳುವ, ದುಡ್ಡು ಕೊಟ್ಟು ತಗೊಳ್ಳುವ ಕೀವರ್ಡ್ ಟೂಲ್‌ಗಳು ಇಂಥ ಕನ್ನಡ ಹುಡುಕಾಟಗಳ ಎದುರಿಗೆ ಸಾಮಾನ್ಯವಾಗಿ ಸೊನ್ನೆ ತೋರಿಸುತ್ತವೆ. ಆ ಸೊನ್ನೆ ನೋಡಿ ಹಿಂದೆ ಸರಿಯಬೇಡಿ. ಅವುಗಳ ಹತ್ತಿರ ಕನ್ನಡದ ಲೆಕ್ಕ ಸರಿಯಾಗಿಲ್ಲ. ನಿಮಗೆ ಬರುವ ಫೋನ್ ಕರೆಗಳಲ್ಲಿ ಆ ಲೆಕ್ಕ ಇದೆ.

ಒಂದು ಪುಟವನ್ನು ಹತ್ತಿರದಿಂದ ತೋರಿಸುತ್ತೇನೆ. "ಹಿಪ್ಪಲಿ ಕಸಿ ಯಾವ ತೋಟಕ್ಕೆ ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ" ಅನ್ನೋದು ಅದರ ತಲೆಬರಹ. ಮೊದಲ ಸಾಲುಗಳಲ್ಲೇ ಉತ್ತರ ಕೊಟ್ಟಿದ್ದೇನೆ. ಮೆಣಸನ್ನು ಕಸಿ ಕಟ್ಟುವ ಕಾಡು ಹಿಪ್ಪಲಿಯ ಬೇರು ಜವುಗು ತಡೆಯುತ್ತದೆ, ಸೊರಗು ರೋಗ ತರುವ ಫೈಟಾಪ್ತೊರಾವನ್ನೂ ತಾಳಿಕೊಳ್ಳುತ್ತದೆ. ಆದರೆ ಬೇಸಿಗೆಯಲ್ಲಿ ನೀರು ಕೊಡಲು ಆಗದ ತೋಟಕ್ಕೆ ಇದು ಬೇಡ, ಬಳ್ಳಿ ಒಣಗುತ್ತದೆ. ಕಸಿಗಂಟಿನ ಕೆಳಗೆ ಹಿಪ್ಪಲಿ ಚಿಗುರು ಬಂದರೆ ಚಿವುಟುತ್ತಲೇ ಇರಬೇಕು. ಆಮೇಲೆ ನಮ್ಮದೇ ತೋಟದ ಬಳ್ಳಿಗಳ ಫೋಟೊ, ಕಸಿಗಂಟನ್ನು ಹತ್ತಿರದಿಂದ ತೆಗೆದ ಫೋಟೊ, ನೆಡುವ ಕ್ರಮ. ಬೆಲೆ ಕೊನೆಗೆ.

"ಇದು ಬೇಡ" ಅನ್ನುವ ಸಾಲು ಹಾಕುವಾಗ ಮನೆಯಲ್ಲಿ ಚರ್ಚೆ ಆಯಿತು, ವ್ಯಾಪಾರ ತಪ್ಪುತ್ತದಲ್ಲ ಅಂತ. ನಾನು ಬಿಡಲಿಲ್ಲ. ಮಾರುವವರೇ "ಇಂಥ ಕಡೆ ಹಾಕಬೇಡಿ" ಅಂದರೆ ಓದುವವರಿಗೆ ನಂಬಿಕೆ ಬರುತ್ತದೆ. ಇವತ್ತಿಗೂ ನಮ್ಮ ಸೈಟ್‌ನಲ್ಲಿ ಜನ ಕೊನೆಯವರೆಗೆ ಓದುವ, ವಾಟ್ಸಾಪ್ ಗುಂಪುಗಳಿಗೆ ಕಳಿಸುವ ಪುಟ ಅದೇ. ಹುಡುಕಾಟದ ಫಲಿತಾಂಶಗಳ ಗುಣಮಟ್ಟ ನೋಡುವವರಿಗೆ ಗೂಗಲ್ ಒಂದು ಮಾರ್ಗಸೂಚಿ ಕೊಡುತ್ತದೆ. 2022ರ ಡಿಸೆಂಬರ್‌ನಲ್ಲಿ ಅದಕ್ಕೆ 'ಅನುಭವ'ವನ್ನೂ ಸೇರಿಸಿದರು. ಬರೆದವರು ಆ ಕೆಲಸವನ್ನು ಕೈಯಾರೆ ಮಾಡಿದ್ದಾರಾ ಅಂತ ನೋಡಬೇಕು ಅಂತ. ಕೃಷಿಕರಿಗೆ, ಕುಶಲಕರ್ಮಿಗಳಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇಕಾ? ಎಲ್ಲಿಂದಲೋ ಎತ್ತಿ ಹಾಕಿದ ಫೋಟೊ, ನಾಲ್ಕು ಸೈಟ್ ನೋಡಿ ಕಲಸಿ ಬರೆದ ಲೇಖನ ನಮ್ಮ ಅಂಗಳದ ಫೋಟೊ ಮುಂದೆ ನಿಲ್ಲಲಾರದು.

ಇನ್ನೊಂದು ಆಧಾರ ಸರ್ಚ್ ಕನ್ಸೋಲ್, ಜನ ಏನು ಹುಡುಕಿ ನಮ್ಮ ಸೈಟ್ ಕಂಡರು ಅಂತ ತೋರಿಸುವ ಗೂಗಲ್‌ನದೇ ಸಾಧನ. ಪುಕ್ಕಟೆ ಸಿಗುತ್ತದೆ, 16 ತಿಂಗಳ ಲೆಕ್ಕ ಇಟ್ಟಿರುತ್ತದೆ. ಕನ್ನಡ ಸೈಟ್‌ನವರು ಅಲ್ಲಿ ಮಾಡಲೇಬೇಕಾದ ಒಂದು ಕೆಲಸ ಇದೆ. ಪರ್ಫಾರ್ಮೆನ್ಸ್ ವರದಿಯಲ್ಲಿ ಕ್ವೆರಿ (ಹುಡುಕಿದ ಮಾತು) ಫಿಲ್ಟರ್ ತೆರೆದು, ಕಸ್ಟಮ್ ರೆಜೆಕ್ಸ್ (ಅಕ್ಷರದ ಮಾದರಿ ಕೊಟ್ಟು ಸೋಸುವ ಆಯ್ಕೆ) ಆರಿಸಿ, ಅಲ್ಲಿ [ಅ-ಹ] ಅಂತ ಟೈಪ್ ಮಾಡಿ. ಕನ್ನಡ ಅಕ್ಷರದಲ್ಲಿ ಹುಡುಕಿದ್ದು ಮಾತ್ರ ಉಳಿಯುತ್ತದೆ. ಅದೇ ಫಿಲ್ಟರನ್ನು ಉಲ್ಟಾ ಮಾಡಿದರೆ ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿದ್ದು ಸಿಗುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ನಮ್ಮಲ್ಲಿ ಬೆಲೆ ಎಷ್ಟು, ನರ್ಸರಿ ಎಲ್ಲಿದೆ ಅನ್ನುವಂಥವು ಹೆಚ್ಚಾಗಿ ಇಂಗ್ಲಿಷ್ ಅಕ್ಷರದಲ್ಲಿ ಬರುತ್ತವೆ. ರೋಗ, ಗೊಬ್ಬರ, ನೆಡುವ ಕ್ರಮದ ಪ್ರಶ್ನೆಗಳು ಕನ್ನಡ ಅಕ್ಷರದಲ್ಲಿ, ಉದ್ದುದ್ದ ವಾಕ್ಯಗಳಲ್ಲಿ. ಈ ಉದ್ದ ವಾಕ್ಯಗಳು ಮೈಕ್ ಒತ್ತಿ ಮಾತಾಡಿದವು ಅಂತ ನನ್ನ ಅಂದಾಜು. ತೋಟದಲ್ಲಿ ನಿಂತವರು ಟೈಪ್ ಮಾಡುವುದಕ್ಕಿಂತ ಮಾತಾಡುವುದೇ ಸುಲಭ ಅಲ್ವಾ. ಇದನ್ನು ನೋಡಿದ ಮೇಲೆ ಬೆಲೆ ಮತ್ತು ವಿಳಾಸಕ್ಕೆ ಇಂಗ್ಲಿಷ್‌ನಲ್ಲೂ ಒಂದೊಂದು ಪುಟ ಮಾಡಿದೆ. ಎರಡಕ್ಕೂ ಎಚ್‌ರೆಫ್‌ಲ್ಯಾಂಗ್ ಗುರುತು ಹಾಕಿ, ಇದು ಕನ್ನಡದ್ದು, ಅದು ಇಂಗ್ಲಿಷಿನದು ಅಂತ ಗೂಗಲ್‌ಗೆ ತಿಳಿಯುವ ಹಾಗೆ ಜೋಡಿಸಿದೆ. ಅಪರೂಪದ ಹುಡುಕಾಟಗಳನ್ನು ಸರ್ಚ್ ಕನ್ಸೋಲ್ ಪಟ್ಟಿಯಲ್ಲಿ ತೋರಿಸುವುದಿಲ್ಲ ಅನ್ನೋದೂ ನೆನಪಿರಲಿ. ಕನ್ನಡದಲ್ಲಿ ಅಂಥವೇ ಬಹಳ. ಹಾಗಾಗಿ ನೋಟ್‌ಬುಕ್ ಬಿಡಬೇಡಿ.

ಸರ್ಚ್ ಕನ್ಸೋಲ್ ನೋಡಿ ಸರಿಪಡಿಸಿದ ಒಂದು ಉದಾಹರಣೆ ಕೊಡುತ್ತೇನೆ. ಅಡಿಕೆ ಕೊಳೆ ರೋಗದ ಪುಟಕ್ಕೆ ಇಂಪ್ರೆಶನ್ (ಫಲಿತಾಂಶದಲ್ಲಿ ಕಂಡ ಸಲ) ಜಾಸ್ತಿ, ಕ್ಲಿಕ್ ಕಡಿಮೆ. ಜನ ಏನು ಕೇಳಿ ಅಲ್ಲಿಗೆ ಬರುತ್ತಿದ್ದಾರೆ ಅಂತ ನೋಡಿದರೆ, ಬಹುತೇಕರಿಗೆ ಬೇಕಾದದ್ದು ಬೋರ್ಡೋ ದ್ರಾವಣದ ಅಳತೆ. ಅವರಿಗೆ ರೋಗದ ವರ್ಣನೆ ಯಾಕೆ, ಕೊಳೆ ಬಂದದ್ದು ಕಣ್ಣೆದುರೇ ಇದೆ. ಟೈಟಲನ್ನು "ಅಡಿಕೆ ಕೊಳೆ ರೋಗ: ಬೋರ್ಡೋ ಅಳತೆ, ಹೊಡೆಯುವ ಸಮಯ" ಅಂತ ಬದಲಿಸಿದೆ. ಪುಟದ ತಲೆಗೇ ಅಳತೆ ತಂದೆ: ಶೇಕಡಾ 1ರ ದ್ರಾವಣಕ್ಕೆ 1 ಕಿಲೊ ಮೈಲುತುತ್ತು, 1 ಕಿಲೊ ಸುಣ್ಣ, 100 ಲೀಟರ್ ನೀರು. ಮಳೆ ಹಿಡಿಯುವ ಮುಂಚೆ ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ. ಉಳಿದ ವಿವರ ಕೆಳಗೆ. ಆ ಮಳೆಗಾಲದಲ್ಲೇ ಕ್ಲಿಕ್ ಏರಿದ್ದು ಗ್ರಾಫ್‌ನಲ್ಲಿ ಕಣ್ಣಿಗೆ ಕಾಣುವ ಹಾಗಿತ್ತು.

ಟೈಟಲ್ ವಿಷಯದಲ್ಲಿ ಒಂದು ಮಾತು. ಇಂಗ್ಲಿಷ್‌ನವರು 60 ಅಕ್ಷರ ಅಂತ ಹೇಳುವ ಲೆಕ್ಕ ನಮಗೆ ಸರಿಹೊಂದುವುದಿಲ್ಲ. ಗೂಗಲ್ ಟೈಟಲ್ ಕತ್ತರಿಸುವುದು ಪರದೆಯ ಅಗಲ ನೋಡಿ, ನಮ್ಮ ಅಕ್ಷರಗಳೋ ಅಗಲ. ಬೇಕಾದ ಮಾತು ಮೊದಲ ಮೂರ್ನಾಲ್ಕು ಪದಗಳಲ್ಲೇ ಬಂದುಬಿಡಬೇಕು. ನರ್ಸರಿ ಹೆಸರು ಕೊನೆಗೆ ಇರಲಿ, ಕತ್ತರಿಸಿ ಹೋದರೂ ಚಿಂತೆ ಇಲ್ಲ. ಮೆಟಾ ಕೀವರ್ಡ್ ಜಾಗಕ್ಕೆ, ಅಂದರೆ ಓದುವವರಿಗೆ ಕಾಣದ ಹಾಗೆ ಪುಟದ ಕೋಡ್‌ನಲ್ಲಿ ಪದಗಳ ಪಟ್ಟಿ ಹಾಕುವ ಕಡೆಗೆ, ಸಮಯ ಹಾಕಬೇಡಿ. ಅದನ್ನು ನೋಡುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ, ಆದರೂ ಅದನ್ನು ತುಂಬಿಕೊಡುತ್ತೇವೆ ಅಂತ ದುಡ್ಡು ಕೇಳುವವರು ಈಗಲೂ ಇದ್ದಾರೆ.

ಈಗ ಕನ್ನಡಕ್ಕೇ ವಿಶೇಷವಾದ ತೊಡಕುಗಳು. ನಮ್ಮ ಹಳೆಯ ಬೆಲೆಪಟ್ಟಿ, ಕರಪತ್ರ ಎಲ್ಲ ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟ್‌ನಲ್ಲಿ ಮಾಡಿಸಿದ್ದು. ಕಣ್ಣಿಗೆ ಅದು ಕನ್ನಡ, ಕಂಪ್ಯೂಟರ್ ಒಳಗೆ ಮಾತ್ರ ಇಂಗ್ಲಿಷ್ ಮತ್ತು ಚಿತ್ರವಿಚಿತ್ರ ಅಕ್ಷರಗಳ ಸಾಲು. ಅಂಥ ಪಿಡಿಎಫ್ ಏರಿಸಿದರೆ ಗೂಗಲ್‌ಗೆ ಅದರಲ್ಲಿ ಅಡಿಕೆಯೂ ಕಾಣುವುದಿಲ್ಲ, ಮೆಣಸೂ ಕಾಣುವುದಿಲ್ಲ. ಎಲ್ಲವನ್ನೂ ಯುನಿಕೋಡ್‌ಗೆ, ಅಂದರೆ ಕಂಪ್ಯೂಟರ್‌ಗೂ ಕನ್ನಡವಾಗಿಯೇ ತಿಳಿಯುವ ಅಕ್ಷರಗಳಿಗೆ ಪರಿವರ್ತಿಸಿ, ಕೂತು ಓದಿ ತಿದ್ದಿದೆ. ಅರ್ಕಾವತ್ತು, ಒತ್ತಕ್ಷರ ಇರುವ ಕಡೆ ಪರಿವರ್ತಕಗಳು ಎಡವುತ್ತವೆ, ಅಲ್ಲಿ ಕಣ್ಣಿಡಿ. ಬೆಲೆಪಟ್ಟಿಯನ್ನು ಪೋಸ್ಟರ್ ಚಿತ್ರವಾಗಿ ಹಾಕುವ ರೂಢಿಯೂ ಬಹಳ ಇದೆ. ಚಿತ್ರ ವಾಟ್ಸಾಪ್‌ಗೆ ಇರಲಿ, ಸೈಟ್‌ನಲ್ಲಿ ಅಕ್ಷರದ ಕೋಷ್ಟಕವೇ ಬೇಕು.

ಯುಆರ್‌ಎಲ್ ಕನ್ನಡದಲ್ಲಿ ಇದ್ದರೆ ಗೂಗಲ್‌ಗೆ ಏನೂ ತೊಂದರೆ ಇಲ್ಲ. ಆದರೆ ಅದನ್ನು ನಕಲು ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದಾಗ ಒಂದೊಂದು ಅಕ್ಷರಚಿಹ್ನೆಯೂ ಶೇಕಡಾ ಗುರುತು ಸೇರಿದ ಒಂಬತ್ತು ಚಿಹ್ನೆ ಆಗಬಹುದು. 'ಅಡಿಕೆ' ಅನ್ನುವ ಚಿಕ್ಕ ಪದವೇ 45 ಚಿಹ್ನೆ ಉದ್ದ ಆಗುತ್ತದೆ. ನೋಡಿದವರು ವೈರಸ್ ಲಿಂಕ್ ಅಂದುಕೊಂಡು ಬಿಟ್ಟುಬಿಡುತ್ತಾರೆ. ನಮ್ಮ ಪುಟಗಳು ಓಡಾಡುವುದೇ ವಾಟ್ಸಾಪ್‌ನಲ್ಲಿ. ಹಾಗಾಗಿ ಯುಆರ್‌ಎಲ್ ಇಂಗ್ಲಿಷ್ ಅಕ್ಷರದಲ್ಲಿ, ಚಿಕ್ಕದಾಗಿ ಇಟ್ಟಿದ್ದೇನೆ. ಲಿಂಕ್ ಜೊತೆಗೆ ಕಾಣುವ ಚಿತ್ರ ಮತ್ತು ತಲೆಬರಹವನ್ನು ಓಪನ್ ಗ್ರಾಫ್ ಟ್ಯಾಗ್‌ಗಳಲ್ಲಿ ಕನ್ನಡದಲ್ಲೇ ಕೊಟ್ಟಿದ್ದೇನೆ.

ವೇಗದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಮ್ಮ ಕಡೆ ತೋಟದ ಮೂಲೆಯಲ್ಲಿ ಸಿಗ್ನಲ್ ಒಂದೋ ಎರಡೋ ಕಡ್ಡಿ. ಮುಖ್ಯ ಚಿತ್ರವೋ ಬರಹವೋ 2.5 ಸೆಕೆಂಡ್ ಒಳಗೆ ಕಾಣಬೇಕು ಅಂತ ಗೂಗಲ್ ಹೇಳುತ್ತದೆ. ಅದಕ್ಕೆ ಮೊಬೈಲ್‌ನಲ್ಲಿ ತೆಗೆದ ದೊಡ್ಡ ಫೋಟೊಗಳನ್ನು ಕುಗ್ಗಿಸಿ ವೆಬ್‌ಪಿ ಅನ್ನುವ ಹಗುರ ಚಿತ್ರರೂಪಕ್ಕೆ ಬದಲಿಸಿದೆ. ಅಲಂಕಾರದ ಕನ್ನಡ ವೆಬ್‌ಫಾಂಟ್ ತೆಗೆದುಹಾಕಿದೆ. ಈಗಿನ ಫೋನ್‌ಗಳಲ್ಲಿ ಕನ್ನಡ ಫಾಂಟ್ ಹೇಗೂ ಇರುತ್ತದೆ, ಇಳಿಸಿಕೊಳ್ಳುವ ಭಾರ ಯಾಕೆ? ಸಾಲುಗಳ ನಡುವಿನ ಅಂತರ ಮಾತ್ರ ಸ್ವಲ್ಪ ಹೆಚ್ಚಿಸಿದೆ, ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದ ಹಾಗೆ.

ಅಂಗಡಿ, ನರ್ಸರಿ, ಹೋಮ್‌ಸ್ಟೇ ಇಟ್ಟವರಿಗೆ ಸೈಟ್‌ನಷ್ಟೇ ಮುಖ್ಯ ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ಗೂಗಲ್ ಮ್ಯಾಪ್ ಮತ್ತು ಹುಡುಕಾಟದಲ್ಲಿ ಕಾಣುವ ಅಂಗಡಿಯ ಪರಿಚಯ. ಹತ್ತಿರದ ಅಂಗಡಿ ತೋರಿಸುವಾಗ ಗೂಗಲ್ ನೋಡುವುದು ಮೂರು: ಹುಡುಕಿದ್ದಕ್ಕೆ ಹೊಂದುತ್ತದಾ, ಎಷ್ಟು ದೂರ, ಎಷ್ಟು ಹೆಸರುವಾಸಿ. ದೂರ ನಮ್ಮ ಕೈಯಲ್ಲಿಲ್ಲ. ಉಳಿದೆರಡು ಇವೆ. ಹಳ್ಳಿಗಳಲ್ಲಿ ಪಿನ್ ಮುಖ್ಯರಸ್ತೆಯ ಕ್ರಾಸ್‌ಗೋ ಪಕ್ಕದ ಕೇರಿಗೋ ಹೋಗಿ ಕೂತಿರುತ್ತದೆ. ಗೇಟಿನ ಎದುರೇ ನಿಂತು ಅದನ್ನು ಸರಿಮಾಡಿ. ವಿಭಾಗ ಸರಿಯಾಗಿ ಆರಿಸಿ, ಹಂಗಾಮಿಗೆ ತಕ್ಕ ಹಾಗೆ ಹೊಸ ಫೋಟೊ ಹಾಕಿ, ರಜೆ ದಿನ ತಿಳಿಸಿ. ಗಿಡ ಹಾಕಿದ ಗಿರಾಕಿಗೆ ಮುಂದಿನ ವರ್ಷ ಫೋನ್ ಮಾಡಿ ಬಳ್ಳಿ ಹೇಗಿದೆ ಅಂತ ವಿಚಾರಿಸುತ್ತೇವೆ. ಹೇಗಿದೆಯೋ ಹಾಗೆ ರಿವ್ಯೂ ಬರೆಯಿರಿ ಅಂತಲೂ ಎಲ್ಲರಲ್ಲೂ ಕೇಳುತ್ತೇವೆ. ರಿವ್ಯೂಗೆ ಬದಲಾಗಿ ರಿಯಾಯಿತಿ ಕೊಡುವುದು ಗೂಗಲ್ ನಿಯಮಕ್ಕೆ ವಿರುದ್ಧ, ಆ ದಾರಿಗೆ ನಾವು ಹೋಗಿಲ್ಲ. "ಎರಡು ಬಳ್ಳಿ ಹೋಯ್ತು, ಉಳಿದವು ಚೆನ್ನಾಗಿವೆ" ಅಂತ ಒಬ್ಬರು ಬರೆದಿದ್ದಾರೆ. ಐದು ನಕ್ಷತ್ರದ ಖಾಲಿ ರಿವ್ಯೂಗಿಂತ ಅದಕ್ಕೆ ಬೆಲೆ ಹೆಚ್ಚು ಅಂತ ನನಗೆ ಅನಿಸುತ್ತದೆ. ಯಾಕೆ ಹೋಗಿರಬಹುದು, ಏನು ಮಾಡಬೇಕು ಅಂತ ಅದರ ಕೆಳಗೆ ವಿವರವಾಗಿ ಉತ್ತರ ಕೊಟ್ಟಿದ್ದೇವೆ. ಮುಂದೆ ಬಂದ ಗಿರಾಕಿಗಳು ಅದನ್ನೂ ಓದಿಯೇ ಬಂದಿದ್ದರು.

ಬ್ಯಾಕ್‌ಲಿಂಕ್ (ಬೇರೆ ಸೈಟ್‌ಗಳಿಂದ ನಮ್ಮ ಸೈಟ್‌ಗೆ ಕೊಡುವ ಲಿಂಕ್) ಮಾರುವವರಿಂದ ಮೇಲ್, ಫೋನ್ ಬರುತ್ತಲೇ ಇರುತ್ತವೆ. ಇಷ್ಟು ದುಡ್ಡಿಗೆ ಇಷ್ಟು ಸಾವಿರ ಲಿಂಕ್, ಒಂದೇ ತಿಂಗಳಲ್ಲಿ ಮೊದಲ ಸ್ಥಾನ ಅಂತ. ಖಂಡಿತ ಬೇಡ. 2012ರ ಪೆಂಗ್ವಿನ್ ಅಪ್‌ಡೇಟ್‌ನಿಂದ ಗೂಗಲ್ ಇಂಥ ಲಿಂಕ್‌ಗಳ ಬೆನ್ನು ಹತ್ತಿದೆ. ರ‍್ಯಾಂಕ್ ಏರಿಸಲು ಲಿಂಕ್ ಕೊಳ್ಳುವುದು ಇವತ್ತಿಗೂ ಅದರ ಸ್ಪ್ಯಾಮ್ ನಿಯಮದ ಉಲ್ಲಂಘನೆ. ನಮಗೆ ಲಿಂಕ್ ಬಂದದ್ದು ಬೋರ್ಡೋ ಅಳತೆಯ ಪುಟಕ್ಕೆ, ಕಸಿ ಕಟ್ಟುವ ವೀಡಿಯೊಗೆ. ಕೃಷಿ ಬಗ್ಗೆ ಬರೆಯುವವರು ತಾವಾಗಿಯೇ ಕೊಟ್ಟದ್ದು. ಸಂಖ್ಯೆ ಕಡಿಮೆ, ಆದರೆ ಒಂದೊಂದೂ ಗಟ್ಟಿ. ಆ ವೀಡಿಯೊ ಕೂಡ ಫೋನ್‌ನಲ್ಲೇ ತೆಗೆದದ್ದು. ಚಾಕು ಹಿಡಿಯುವ ಕೈ, ಸೀಳು, ಪಟ್ಟಿ ಸುತ್ತುವುದು ಸ್ಪಷ್ಟವಾಗಿ ಕಾಣುತ್ತದೆ. ಅದಕ್ಕಿಂತ ಹೆಚ್ಚಿನದು ನೋಡುವವರಿಗೆ ಬೇಕಾಗಿಲ್ಲ.

ಜಾಹೀರಾತಿಗೆ ನಾವು ದುಡ್ಡು ಹಾಕುವುದು ಏಪ್ರಿಲ್‌ನಿಂದ ಜೂನ್‌ವರೆಗೆ ಮಾತ್ರ. ಅದೂ ಉತ್ತರ ಕನ್ನಡ, ಶಿವಮೊಗ್ಗ ಮತ್ತು ಸುತ್ತಮುತ್ತ. ಗಿಡ ದೂರ ಸಾಗಿಸಿದಷ್ಟೂ ಬಾಡುತ್ತದೆ, ಇಡೀ ರಾಜ್ಯಕ್ಕೆ ಜಾಹೀರಾತು ತೋರಿಸಿ ಏನು ಮಾಡೋದು?

ಹಂಗಾಮು ಅನ್ನೋದು ಬಹಳ ಮುಖ್ಯ. ಪುಟ ಬರೆದ ದಿನವೇ ಗೂಗಲ್‌ನಲ್ಲಿ ಮೇಲೆ ಬರುವುದಿಲ್ಲ. ಕೊಳೆ ರೋಗದ ಪುಟ ಜುಲೈನಲ್ಲಿ ಬರೆದರೆ ಅದು ನೆಲೆ ನಿಲ್ಲುವಷ್ಟರಲ್ಲಿ ಮಳೆಗಾಲವೇ ಮುಗಿದಿರುತ್ತದೆ. ನಾನು ಫೆಬ್ರವರಿ-ಮಾರ್ಚ್‌ನಲ್ಲೇ ಆ ವರ್ಷದ ಪುಟಗಳನ್ನು ಮುಟ್ಟುತ್ತೇನೆ. ಪ್ರತಿ ವರ್ಷಕ್ಕೆ ಹೊಸ ಪುಟ ಮಾಡುವುದಿಲ್ಲ. ಅದೇ ಯುಆರ್‌ಎಲ್, ಹೊಸ ದರ, ಹೊಸ ಫೋಟೊ, ಕಳೆದ ಸಲ ಜನ ಕೇಳಿದ ಹೊಸ ಪ್ರಶ್ನೆ. ಹಳೆಯ ಪುಟ ಗಳಿಸಿದ ಹೆಸರು ಅಲ್ಲೇ ಉಳಿಯುತ್ತದೆ.

ಈಗ ಫಲಿತಾಂಶಗಳ ತಲೆಯ ಮೇಲೆ ಎಐ ಉತ್ತರ ಬರುವುದು ಜಾಸ್ತಿಯಾಗಿದೆ. ಬರೀ ಅಳತೆ ಬೇಕಾದವರು ಅಲ್ಲೇ ಓದಿ ಹೋಗುತ್ತಾರೆ, ಅದನ್ನು ತಡೆಯಲಾಗದು. ತನ್ನ ತೋಟದ ಫೋಟೊ ಕಳಿಸಿ "ಇಲ್ಲಿಗೆ ಯಾವ ಬಳ್ಳಿ?" ಅಂತ ಕೇಳಬೇಕಾದವರು ಮಾತ್ರ ನಮ್ಮ ತನಕ ಬರುತ್ತಾರೆ. ಅವರಿಗಾಗಿ ಎಲ್ಲ ಪುಟದ ಕೆಳಗೂ ವಾಟ್ಸಾಪ್ ಬಟನ್ ಇದೆ. ಯಾವ ಪುಟದಿಂದ ಬಂದರು ಅನ್ನೋದು ಮೆಸೇಜ್‌ನಲ್ಲೇ ಮೊದಲೇ ತುಂಬಿರುತ್ತದೆ.

ಇತ್ತೀಚೆಗೆ ಆ ಮೆಸೇಜ್‌ಗಳಲ್ಲಿ ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟದವರು ಹೆಚ್ಚುತ್ತಿದ್ದಾರೆ. ಅವರ ಬಳ್ಳಿ ಹಬ್ಬುವುದು ಸಿಲ್ವರ್ ಓಕ್ ಮೇಲೆ, ಅಡಿಕೆ ಮರದ ಲೆಕ್ಕ ಅವರಿಗೆ ಹೊಂದುವುದಿಲ್ಲ. ನೋಟ್‌ಬುಕ್‌ನಲ್ಲಿ ಅವರ ಪ್ರಶ್ನೆಗಳಿಗೆ ಬೇರೆ ಹಾಳೆ ತೆರೆದಿದ್ದೇನೆ. ಮಾರ್ಚ್ ಒಳಗೆ ಆ ಪುಟ ಏರಿಸಬೇಕು.