ಕೊನೇ ಅಂಗಡಿಯ ಟೀ: ಕೊಡಗಿನ ತೋಟಗಳಲ್ಲಿ ಒಂಟಿ ಓಡಾಟದ ನನ್ನ ಅನುಭವ

ಮಣ್ಣಿನ ಸ್ಯಾಂಪಲ್ ತೆಗೆಯಲು ತೋಟ ತೋಟ ಸುತ್ತುವವರಿಗೆ ಕೆಲಸ ಹೇಳಿಕೊಡುವ ಉದ್ದೇಶ ನನಗಿಲ್ಲ. ಗುಂಡಿ ತೋಡೋದು ಎಲ್ಲರಿಗೂ ಬರುತ್ತೆ. ಹಿಂದೆಂದೂ ನೋಡಿರದ ತೋಟಕ್ಕೆ ಸ್ಕೂಟರಲ್ಲಿ ಒಬ್ಬಳೇ ಹೋಗಿ ಕತ್ತಲಾಗುವ ಮೊದಲು ವಾಪಸ್ ಬರೋದೇ ಕಷ್ಟ. ನಾನು ಮಂಡ್ಯ ಕಡೆಯವಳು, ದಸರಾ ಬಿಟ್ಟರೆ ಆನೆ ನೋಡಿದವಳಲ್ಲ. ದಾರಿಯ ಕೊನೇ ಅಂಗಡಿಯಲ್ಲಿ ಟೀ ಕುಡಿದು, ವಿಚಾರಿಸಿ ಮುಂದೆ ಹೋಗುವ ನನ್ನ ಪದ್ಧತಿಗೆ ಆಫೀಸಿನಲ್ಲಿ ‘ಟೀ ಸ್ಕೀಮ್’ ಅಂತ ಹೆಸರಿಟ್ಟು ನಗುತ್ತಿದ್ದರು. ಹೋದ ಕಾಫಿ ಕುಯ್ಲಿನಿಂದ ಈಚೆಗೆ ಯಾರೂ ನಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋದ ಕಥೆ. ಸುಮಾರು ಮೂರು ಸಾವಿರ ಕೊಟ್ಟು ಜಿಪಿಎಸ್ ಟ್ರ್ಯಾಕರ್ ಹಾಕಿಸಿದೆ. ಅದರೊಳಗೂ ಸಿಮ್ಮೇ ತಾನೆ? ಸಿದ್ದಾಪುರ ದಾಟಿ ಒಳಗೆ ಹೋದರೆ ಸಿಗ್ನಲ್ ಇಲ್ಲ. ಮನೆಯ ಫೋನಿನಲ್ಲಿ ನನ್ನ ಚುಕ್ಕಿ ನಾಲ್ಕು ಗಂಟೆ ಒಂದೇ ಕಡೆ ನಿಂತು ಅಮ್ಮ ಅತ್ತಿದ್ದೇ ಲಾಭ. ಎರಡು ಕಂಪನಿಯ ಸಿಮ್ ಇಟ್ಟುಕೊಂಡೆ, ಸ್ವಲ್ಪ ವಾಸಿ. ಆದರೆ ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಹೋದರೆ ಟವರ್‌ಗಳೂ ಮಲಗುತ್ತವೆ. ಮೊದಲೇ ಇಳಿಸಿಟ್ಟ ಮ್ಯಾಪ್ ಕಕ್ಕಬ್ಬೆ ಹತ್ತಿರ ಅಚ್ಚುಕಟ್ಟಾಗಿ ಒಂದು ತೋಟದ ಬೀಗ ಹಾಕಿದ ಗೇಟಿಗೆ ತಂದು ನಿಲ್ಲಿಸಿತು. ತೋಟದ ಆಳುಗಳಿರುವ ಲೈನ್ ಮನೆಯ ಹುಡುಗನನ್ನು ಜೊತೆಗೆ ಕರೆದುಕೊಳ್ಳೋಣ ಅಂದರೆ ದಿನಕ್ಕೆ ಐನೂರು ಆರುನೂರು, ಕುಯ್ಲಿನ ಸಮಯದಲ್ಲಿ ಅಷ್ಟು ಕೊಟ್ಟರೂ ಜನ ಸಿಗಲ್ಲ.

ಆಮೇಲೆ ಹಿಡಿದಿದ್ದು ಕೊನೇ ಅಂಗಡಿ. ಯಾವ ರಸ್ತೆಗೆ ಹೋಗಿ, ತೋಟ ಶುರುವಾಗುವ ಮೊದಲು ಒಂದು ಕೊನೇ ಅಂಗಡಿ ಇದ್ದೇ ಇರುತ್ತೆ. ಬೀಡಿ, ಬನ್ನು, ಟೀ, ಮುಂದೊಂದು ಬೆಂಚು. ಅವಸರ ಮಾಡದೆ ಕೂತು ಟೀ ಕುಡಿಯಬೇಕು. ‘ರೋಡ್ ಸೇಫಾ?’ ಅಂತ ಮಾತ್ರ ಕೇಳಬೇಡಿ. ‘ಏನೂ ಇಲ್ಲ ಮೇಡಂ, ಹೋಗಿ’ ಅಂತಲೇ ಎಲ್ಲರೂ ಹೇಳೋದು. ‘ನಿನ್ನೆ ರಾತ್ರಿ ಎಲ್ಲಿತ್ತು?’ ಅಂತ ಕೇಳಿ. ಆನೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಯಾವ ತೋಟದ ಬೇಲಿ ಮುರಿಯಿತು, ಮರಿ ಇತ್ತಾ, ಬೆಳಿಗ್ಗೆ ಹೊಳೆ ದಾಟಿತಾ, ಎಲ್ಲ ಬರುತ್ತೆ. ನಾನು ಕೇಳುವ ಇನ್ನೊಂದು ಪ್ರಶ್ನೆ ಇದೆ, ಅದನ್ನು ಇಲ್ಲಿ ಬರೆಯಲ್ಲ.

ಎದ್ದು ಹೊರಡುವಾಗ ಅಂಗಡಿಯವರಿಗೆ ಒಂದು ಚೀಟಿ ಕೊಡುತ್ತೇನೆ: ಗಾಡಿ ನಂಬರು, ತೋಟದ ಹೆಸರು, ರೈಟರ (ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವರ) ಫೋನು, ನಾನು ವಾಪಸ್ ಬರುವ ಗಂಟೆ. ಆ ಗಂಟೆ ಮೀರಿ ಅರ್ಧ ತಾಸಾದರೆ ರೈಟರಿಗೆ ಫೋನು, ಅವರೂ ಸಿಗದಿದ್ದರೆ 112. ವಾಪಸ್ ಬಂದಾಗ ಎಷ್ಟೇ ಸುಸ್ತಾಗಿರಲಿ ನಿಂತು ಮುಖ ತೋರಿಸಿಯೇ ಹೋಗಬೇಕು. ಒಂದು ಸಲ ತೋರಿಸದೆ ಹೋದರೆ ಮುಂದಿನ ಸಲ ಚೀಟಿ ಕಡಲೆ ಕಟ್ಟುವ ಕಾಗದ.

ಮಾಲ್ದಾರೆ ಆಚೆಯ ಒಂದು ತೋಟ, ರೋಬಸ್ಟಾ ಕುಯ್ಲು ಮುಗಿಯುತ್ತಾ ಬಂದಿತ್ತು. ಸಂಜೆ ನಾಲ್ಕೂವರೆ ಇರಬೇಕು, ಚೀಲ ಕಟ್ಟಿಕೊಂಡು ಹೊರಟೆ. ತಿರುವಿನಲ್ಲಿ ಲದ್ದಿ, ಇನ್ನೂ ಹಸಿ, ತುಂಬಾ ಕಾಫಿ ಬೀಜ. ತಲೆ ಎತ್ತಿದರೆ ಗಾಳಿಯೇ ಇಲ್ಲ, ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಮಾತ್ರ ಅಲ್ಲಾಡುತ್ತಿದೆ. ಹಾರ್ನ್ ಹೊಡೆಯಲಿಲ್ಲ. ಗಾಡಿ ತಿರುಗಿಸಿ ನೇರ ಕಣದ ಪಕ್ಕದ ಗೋಡೌನಿಗೆ ಬಂದು ಕೂತೆ. ಸಿಗ್ನಲ್ ಇಲ್ಲ. ಚೀಟಿಯಲ್ಲಿ ಐದು ಗಂಟೆ ಅಂತ ಬರೆದಿದ್ದೆ. ಆರಾಗುವ ಮೊದಲೇ ರೈಟರ್ ಪಿಕಪ್ ತಗೊಂಡು ಬಂದರು. ಅಂಗಡಿ ಕಾಕಾ ಬಂಗಲೆಯ ಲ್ಯಾಂಡ್‌ಲೈನಿಗೆ ಫೋನ್ ಹಾಕಿದ್ದರಂತೆ. ವಾಪಸ್ ಬರುವಾಗ ಅದೇ ತಿರುವಿನಲ್ಲಿ ತಾಯಿ, ಮರಿ ಎರಡೂ ರಸ್ತೆಯಲ್ಲೇ ನಿಂತಿದ್ದವು. ದೂರದಲ್ಲೇ ಇಂಜಿನ್ ಆನ್ ಇಟ್ಟು ಅವು ದಾಟುವವರೆಗೂ ಕಾದೆವು. ಸ್ಕೂಟರು ಆ ರಾತ್ರಿ ಗೋಡೌನಿನಲ್ಲೇ ಉಳಿಯಿತು. ‘ಐದೂವರೆ ಆಯ್ತಲ್ಲ ಮೋಳೇ (ಮಗಳೇ)’ ಅಂದರು ಕಾಕಾ, ಅಷ್ಟೇ.

ಇನ್ನೊಂದು ಅಭ್ಯಾಸ: ತೋಟ ತಲುಪಿದ ತಕ್ಷಣ, ಬ್ಯಾಗ್ ಇಳಿಸುವ ಮೊದಲೇ, ಗಾಡಿಯ ಮೂತಿ ವಾಪಸ್ ಹೊರಡುವ ದಿಕ್ಕಿಗೆ. ಇಳಿಜಾರಿನ ಕೆಸರಿನಲ್ಲಿ ಸ್ಕೂಟರ್ ತಿರುಗಿಸಿದವರಿಗೆ ಯಾಕೆ ಅಂತ ಗೊತ್ತು.

ಮಳೆಗಾಲದಲ್ಲಿ ಕೇಳುವ ಪ್ರಶ್ನೆಗಳೇ ಬೇರೆ. ಸಿದ್ದಾಪುರದ ಕರಡಿಗೋಡಿನಲ್ಲಿ ‘ಭಾಗಮಂಡಲದಲ್ಲಿ ಮಳೆ ಹೆಂಗಿದೆ?’ ಅಂತ ಕೇಳುತ್ತೇನೆ, ಅಲ್ಲಿ ಸುರಿದದ್ದು ಕಾವೇರಿಯಲ್ಲಿ ಇಲ್ಲಿಗೇ ಬರೋದು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದಲ್ಲಿ ಗುಡ್ಡ ಕುಸಿದದ್ದನ್ನು ಆ ಕಡೆ ಯಾರೂ ಮರೆತಿಲ್ಲ. ತೋಡಿನ (ಸಣ್ಣ ಹಳ್ಳದ) ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಇಲ್ಲಾ ಸುರಿವ ಮಳೆಯಲ್ಲೂ ನೀರು ನಿಂತುಹೋದರೆ, ಮೇಲೆ ಗುಡ್ಡ ಜಾರುತ್ತಿರಬಹುದು, ಸ್ಯಾಂಪಲ್ ಬಿಟ್ಟು ವಾಪಸ್.

ಜಿಗಣೆಗೂ ಪ್ರಯೋಗ ಮಾಡಿದ್ದೇನೆ. ಉಪ್ಪು ಮಳೆಗೆ ತೊಳೆದುಹೋಗುತ್ತೆ. ಹೊಗೆಸೊಪ್ಪು ನೆನೆಸಿದ ಕೊಬ್ಬರಿ ಎಣ್ಣೆ ಕಾಲುಚೀಲಕ್ಕೆ ಸವರಿದರೆ ಅರ್ಧ ದಿನ ನಿಲ್ಲುತ್ತೆ, ತಲೆನೋವು ಉಚಿತ. ಸೋಪು ಉಜ್ಜಿ ನೋಡಿದೆ, ನೊರೆ ಬಂತು, ಜಿಗಣೆಯೂ ಬಂತು.

ಖರ್ಚು ಅಂದರೆ ಒಂದು ಅಂಗಡಿಗೆ ಟೀ, ಬನ್ನು ಸೇರಿ ಮೂವತ್ತು ನಲವತ್ತು, ತಿಂಗಳಿಗೆ ಸಾವಿರದ ಇನ್ನೂರರ ಆಸುಪಾಸು. ಹೊಸ ಹುಡುಗರು ಈಗ ಅಂಗಡಿಯವರ ಫೋನ್ ನಂಬರಿರುವ ನನ್ನ ಪುಸ್ತಕ ಕೇಳುತ್ತಿದ್ದಾರೆ. ಕೊಡಲ್ಲ. ಕಾಕಾಗೆ ಗೊತ್ತಿರೋದು ನನ್ನ ಮುಖ, ನೀವು ನಿಮ್ಮ ಟೀ ನೀವೇ ಕುಡಿಯಬೇಕು. ನಮ್ಮ ಸಾಹೇಬರು ಈ ಸಲ ಟೀ ಖರ್ಚನ್ನೂ ಟಿ.ಎ. (ಪ್ರಯಾಣ ಭತ್ಯೆ) ಬಿಲ್ಲಿನಲ್ಲಿ ಬರಿ ಅಂದಿದ್ದಾರೆ. ಬರೆದು ಕೊಟ್ಟಿದ್ದೇನೆ, ಇನ್ನೂ ಪಾಸಾಗಿಲ್ಲ.