ಅಗೆತದಲ್ಲಿ ಕಲುಷಿತ ಮಣ್ಣು ಸಿಕ್ಕಾಗ: ಹೆದ್ದಾರಿ ಗುತ್ತಿಗೆದಾರರು ಮಾಡಬೇಕಾದದ್ದು

ಕೋಲಾರ ಜಿಲ್ಲೆಯಲ್ಲಿ ಹೆದ್ದಾರಿ ಕೆಲಸ ಹಿಡಿದವರಿಗೆ ಕೆಜಿಎಫ್‌ನ ಸಯನೈಡ್ ದಿಬ್ಬಗಳು ಹೊಸತಲ್ಲ. ಚಿನ್ನದ ಗಣಿ 2001ರಲ್ಲಿ ಮುಚ್ಚಿತಾದರೂ, ಅದಿರನ್ನು ಅರೆದು ಸಯನೈಡ್‌ನಿಂದ ಚಿನ್ನ ಬೇರ್ಪಡಿಸಿದ ಮೇಲೆ ಉಳಿದ ಹಿಟ್ಟಿನಂಥ ಪುಡಿ ಅಲ್ಲಿಯೇ ಇದ್ದು, ಬೇಸಿಗೆಯಲ್ಲಿ ಗಾಳಿಗೆ ಹಾರುತ್ತದೆ, ಮಳೆಗಾಲದಲ್ಲಿ ಹಳ್ಳ ಸೇರುತ್ತದೆ. ಆದ್ದರಿಂದ ದಿಬ್ಬದಿಂದ ದೂರದ ತಗ್ಗಿನಲ್ಲಿಯೂ ಬೂದು ಬಣ್ಣದ ಪದರ ಸಿಗಬಹುದು. ತುಮಕೂರಿನ ಕೈಗಾರಿಕಾ ಪ್ರದೇಶದ ಅಂಚಿನಲ್ಲಾದರೆ ಎಣ್ಣೆ ವಾಸನೆಯ ಮಣ್ಣಿನ ಮೇಲೆ ಕಣ್ಣಿಡಬೇಕು.

ಪದರ ಕಂಡ ಕೂಡಲೇ ಹಿಟಾಚಿ ನಿಲ್ಲಿಸಿ, ಸುತ್ತ ಸುಣ್ಣದ ಗೆರೆ ಎಳೆದು, ಚೈನೇಜ್ ಫಲಕ (ರಸ್ತೆಯ ಆರಂಭದಿಂದ ಆ ಜಾಗ ಎಷ್ಟು ದೂರವೆಂದು ತೋರಿಸುವ ಫಲಕ) ಮತ್ತು ಅಳತೆಯ ಕೋಲು ಎರಡೂ ಕಾಣುವಂತೆ ಫೋಟೊ ತೆಗೆಯಬೇಕು. ಇಲಾಖೆಯ ಇಂಜಿನಿಯರರ ಸಮ್ಮುಖದಲ್ಲಿ ಜಂಟಿ ಅಳತೆಯಾಗುವವರೆಗೆ ಒಂದು ಬುಟ್ಟಿ ಮಣ್ಣನ್ನೂ ಕದಲಿಸಬಾರದು. 40 ಮೀಟರ್ ಉದ್ದ, 12 ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಮಣ್ಣು 720 ಘನ ಮೀಟರ್ ಆಗುತ್ತದೆ. ಅಗೆದಾಗ ಕಾಲು ಭಾಗ ಉಬ್ಬುತ್ತದೆಂದು ಹಿಡಿದರೆ 900 ಘನ ಮೀಟರ್, ಅಂದರೆ 10 ಘನ ಮೀಟರಿನ ಟಿಪ್ಪರಿನಲ್ಲಿ 90 ಲೋಡ್. ಇದನ್ನು ಅವಸರದಲ್ಲಿ ಪಕ್ಕದ ಒಳ್ಳೆಯ ಮಣ್ಣಿನ ಮೇಲೆ ಸುರಿದರೆ ಆ ರಾಶಿಯೂ ಕಲುಷಿತವಾಗಿ ಲೋಡುಗಳ ಲೆಕ್ಕ ಎರಡು ಪಟ್ಟಾಗಬಹುದು. ಖರ್ಚು ಕೈಮೀರುವುದು ಬಹುಪಾಲು ಇಲ್ಲಿಯೇ.

ಮಾದರಿಯನ್ನು ಮೂರು ಪಾಲು ಮಾಡಿ ಮೊಹರು ಹಾಕಿ, ಒಂದನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ, ಒಂದನ್ನು ಇಲಾಖೆಗೆ ಕೊಟ್ಟು, ಇನ್ನೊಂದನ್ನು ತಕರಾರಿನ ಕಾಲಕ್ಕೆಂದು ಇಟ್ಟುಕೊಳ್ಳಬೇಕು. ಕೆಜಿಎಫ್ ಭಾಗದಲ್ಲಿ ಸಯನೈಡ್ ಮತ್ತು ಭಾರಲೋಹಗಳ ಜೊತೆಗೆ ಸಲ್ಫೇಟ್ ಪರೀಕ್ಷೆಯನ್ನೂ ಕೇಳುವುದು ಒಳ್ಳೆಯದು, ಏಕೆಂದರೆ ಅದು ಕಾಂಕ್ರೀಟನ್ನು ತಿನ್ನುತ್ತದೆ. ಕೇಂದ್ರ ಹೆದ್ದಾರಿ ಸಚಿವಾಲಯದ ನಿರ್ದಿಷ್ಟತೆಯಂತೆ ನೀರಿನಲ್ಲಿ ಕರಗುವ ಸಲ್ಫೇಟ್ ಲೀಟರಿಗೆ 1.9 ಗ್ರಾಂ ಮೀರಿದ ಮಣ್ಣನ್ನು ಕಾಂಕ್ರೀಟಿನಿಂದ 500 ಮಿಲಿಮೀಟರಿನೊಳಗೆ ಹಾಕುವಂತಿಲ್ಲ. ಸಲ್ಫೇಟ್ ಒಂದೇ ದೋಷವಾಗಿದ್ದರೆ ಕಾಂಕ್ರೀಟ್ ಮೋರಿಯಿಂದ ದೂರದ ರಸ್ತೆ ಏರಿಗೆ ಬಳಸಲು ಇಂಜಿನಿಯರರ ಲಿಖಿತ ಒಪ್ಪಿಗೆ ಕೇಳಬಹುದು. ಸಾಗಣೆ ಖರ್ಚು ಅಷ್ಟರಮಟ್ಟಿಗೆ ಉಳಿಯುತ್ತದೆ.

ಹಣ ಯಾರು ಕೊಡಬೇಕೆಂಬುದು ಕರಾರಿನ ಬಗೆಯನ್ನು ಅವಲಂಬಿಸಿದೆ. ವಿನ್ಯಾಸ, ಸಾಮಗ್ರಿ ಖರೀದಿ, ನಿರ್ಮಾಣ ಮೂರನ್ನೂ ಗುತ್ತಿಗೆದಾರನೇ ಹೊರುವ ಇಪಿಸಿ ಕರಾರಿನಲ್ಲಿ ನೆಲದ ಸ್ಥಿತಿಯ ಹೊಣೆ ಹೆಚ್ಚಾಗಿ ಗುತ್ತಿಗೆದಾರನ ಮೇಲೆಯೇ ಬೀಳುವುದರಿಂದ, ಟೆಂಡರ್ ಹಾಕುವ ಮೊದಲೇ ಪರೀಕ್ಷಾ ಗುಂಡಿಗಳನ್ನು ತೋಡಿಸುವುದು ಅಗ್ಗ. ಸಲಹಾ ಇಂಜಿನಿಯರರ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಡಿಕ್‌ನ 1999ರ ‘ಕೆಂಪು ಪುಸ್ತಕ’ ಎಂಬ ಮಾದರಿ ಕರಾರಾದರೆ ಸಂಗತಿ ತಿಳಿದ 28 ದಿನಗಳೊಳಗೆ ನೋಟಿಸ್, 42 ದಿನಗಳೊಳಗೆ ವಿವರವಾದ ಕ್ಲೇಮ್ ಸಲ್ಲಿಸಬೇಕು. ‘ಸಾಹೇಬರಿಗೆ ಬಾಯಲ್ಲಿ ಹೇಳಿದ್ದೇನೆ’ ಎಂಬ ಮಾತು ನೋಟಿಸ್ ಆಗುವುದಿಲ್ಲ.

ವರದಿಯಲ್ಲಿ ಅಪಾಯಕಾರಿ ಎಂದು ಬಂದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸಿ, 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಂತೆ ಅಧಿಕೃತ ವಿಲೇವಾರಿ ಘಟಕಕ್ಕೇ ಕಳಿಸಬೇಕು. ಅಲ್ಲಿಯವರೆಗೆ ರಾಶಿಯ ಕೆಳಗೂ ಮೇಲೂ ಟಾರ್ಪಾಲ್ ಇರಲಿ. ರಸ್ತೆ ಅಗೆದ ಮಣ್ಣೆಂದರೆ ಅಕ್ಕಪಕ್ಕದ ರೈತರು ಹೊಲಕ್ಕೆ ಒಂದು ಲೋಡ್ ಕೇಳುವುದು ನಮ್ಮಲ್ಲಿ ವಾಡಿಕೆ. ಈ ಮಣ್ಣನ್ನು ಮಾತ್ರ ಯಾರ ಮುಲಾಜಿಗೂ ಕೊಡಬಾರದು.

ಕ್ಲೇಮಿಗೆ ಆಧಾರವಾಗಲೆಂದು, ಯಂತ್ರಗಳು ನಿಂತ ಗಂಟೆಗಳನ್ನು ಪ್ರತಿ ಸಂಜೆ ರಿಜಿಸ್ಟರಿನಲ್ಲಿ ಬರೆದು ಅಂದೇ ಇಲಾಖೆಯವರ ಸಹಿ ಪಡೆಯಬೇಕು.