ಚಿಕ್ಕ ಕೊಳದಲ್ಲಿ ಕಲಿತು ದೊಡ್ಡ ಕೊಳದಲ್ಲಿ ಗೆದ್ದಿದ್ದು

ಸ್ಪರ್ಧೆಯ ಈಜುಕೊಳಗಳಲ್ಲಿ 25 ಮೀಟರ್‌ನದು ಒಂದು, 50 ಮೀಟರ್‌ನದು ಇನ್ನೊಂದು. ದಡದಲ್ಲಿ ನಿಂತು ನೋಡುವವರಿಗೆ ಒಂದು ಚಿಕ್ಕದು, ಒಂದು ದೊಡ್ಡದು, ಅಷ್ಟೇ. ನೀರಿಗಿಳಿದವರಿಗೆ ಎರಡೂ ಬೇರೆ ಬೇರೆ ಆಟ. ಹಾಸನದಲ್ಲಿ ನಾನು ಬೆಳೆದದ್ದು 25ರ ಕೊಳದಲ್ಲಿ. ರಾಜ್ಯಮಟ್ಟದ ಸ್ಪರ್ಧೆಗೆ ಹೋಗಿದ್ದು ಬೆಂಗಳೂರಿನ ಬಸವನಗುಡಿಯ 50ರ ಕೊಳಕ್ಕೆ. ಈ ಎರಡರ ನಡುವಿನ ಅಂತರ ದಾಟುವುದರಲ್ಲೇ ನನ್ನ ಹೈಸ್ಕೂಲು ಮುಗಿಯಿತು. 2010ರಲ್ಲಿ ಗ್ರೂಪ್ ಒಂದರಲ್ಲಿ, ಅಂದರೆ 15ರಿಂದ 17 ವರ್ಷದವರ ವಿಭಾಗದಲ್ಲಿ, 200 ಮೀಟರ್ ಬ್ರೆಸ್ಟ್ ಸ್ಟ್ರೋಕ್‌ಗೆ ಚಿನ್ನ ಬಂತು. ಅದು ಹೇಗೆ ಬಂತು ಅಂತ ಈಗ ನನ್ನ ಹತ್ತಿರ ಕಲಿಯುವ ಮಕ್ಕಳ ಅಪ್ಪ ಅಮ್ಮ ಕೇಳುತ್ತಲೇ ಇರುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆಯಲು ಕೂತೆ.

ಮೊದಲು ಕಾಲಿನ ವಿಷಯ. ನನಗೆ ಈಜು ಬಂದದ್ದು ಅಜ್ಜಿ ಊರಿನ ಬಾವಿಯಲ್ಲಿ. ಮಾವ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಇಳಿಸಿದ್ದರು. ಆ ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಬುರುಡೆ ಬಿಚ್ಚಿಯಾಗಿತ್ತು. ನಮ್ಮ ಕಡೆ ಬಾವಿಯಲ್ಲಿ, ಕೆರೆಯಲ್ಲಿ ಕಲಿತವರು ಹೆಚ್ಚಾಗಿ ಹೊಡೆಯುವುದು ಕಪ್ಪೆ ಈಜು. ಅದು ಬ್ರೆಸ್ಟ್ ಸ್ಟ್ರೋಕ್‌ಗೆ ತೀರಾ ಹತ್ತಿರ. ಹಾಗಾಗಿ ಕೊಳಕ್ಕೆ ಸೇರಿದ ದಿನವೇ ಕೋಚ್ ಸರ್ ‘ನಿನ್ನ ಸ್ಟ್ರೋಕ್ ಇದೇ ಕಣಮ್ಮ’ ಅಂದರು. ಮಾರನೇ ದಿನ ನೀರೊಳಗೆ ಮುಳುಗಿ ನನ್ನ ಕಾಲು ನೋಡಿ ತಲೆ ಚಚ್ಚಿಕೊಂಡರು.

ಬಾವಿಯಲ್ಲಿ ಕಲಿತವರಿಗೆ ನೀರಿನ ಹೆದರಿಕೆ ಇರುವುದಿಲ್ಲ. ಅದು ದೊಡ್ಡ ಆಸ್ತಿ, ಯಾವ ಕೋಚೂ ಅದನ್ನು ಕೊಡಲಾರ. ಆದರೆ ಕಾಲು ಸೊಟ್ಟಗಿರುತ್ತದೆ. ಬ್ರೆಸ್ಟ್ ಸ್ಟ್ರೋಕ್‌ನಲ್ಲಿ ಎರಡೂ ಕಾಲು ಒಟ್ಟಿಗೆ, ಒಂದೇ ಮಟ್ಟದಲ್ಲಿ ಒದೆಯಬೇಕು, ಒದೆಯುವಾಗ ಪಾದ ಹೊರಕ್ಕೆ ತಿರುಗಿರಬೇಕು. ನನ್ನ ಬಲಪಾದ ಸರಿಯಾಗಿ ತಿರುಗುತ್ತಿತ್ತು. ಎಡಪಾದ ಮಾತ್ರ ಬಾಲ ಬಡಿದ ಹಾಗೆ ಮೇಲಿನಿಂದ ಕೆಳಕ್ಕೆ ಹೊಡೆಯುತ್ತಿತ್ತು. ಇದಕ್ಕೆ ಕತ್ತರಿ ಕಾಲು ಅನ್ನುತ್ತೇವೆ. ರೆಫ್ರಿ ಕಣ್ಣಿಗೆ ಬಿದ್ದರೆ ಡಿಸ್ಕ್ವಾಲಿಫೈ. ಎಷ್ಟೇ ಜೋರಾಗಿ ಈಜಿದರೂ ಹೆಸರೇ ಇರುವುದಿಲ್ಲ.

ಅದನ್ನು ತಿದ್ದಲು ಸರ್ ನನ್ನನ್ನು ನೀರಿನಿಂದ ಹೊರಗೆ ಎಳೆದರು. ಸಿಮೆಂಟ್ ಬೆಂಚಿನ ಮೇಲೆ ಬೋರಲು ಮಲಗಿಸಿ, ಮಂಡಿಯಿಂದ ಕೆಳಗಿನ ಕಾಲು ಗಾಳಿಯಲ್ಲಿರುವಂತೆ ಮಾಡಿ, ಎಡಪಾದ ಹಿಡಿದು ಹೊರಕ್ಕೆ ತಿರುಗಿಸುತ್ತಿದ್ದರು. ‘ಹಿಮ್ಮಡಿಯನ್ನ ಕುಂಡಿ ಹತ್ತಿರ ತಗೊಂಡು ಬಾ, ಹೆಬ್ಬೆರಳು ಹೊರಗೆ, ಈಗ ಒದಿ, ಕಾಲು ಸೇರಿಸು, ಸುಮ್ನೆ ಜಾರು.’ ಇದು ಎಷ್ಟು ಬೇಜಾರಿನ ಕೆಲಸ ಅಂದರೆ ಬೇರೆ ಮಕ್ಕಳು ನೀರಿನಲ್ಲಿ ಕಿರುಚಾಡುತ್ತಿದ್ದರೆ ನಾನು ಬೆಂಚಿನ ಮೇಲೆ ಒಣಗುತ್ತಿದ್ದೆ. ಆಮೇಲೆ ಗೋಡೆ ಹಿಡಿದು ಒದೆಯುವುದು. ಅದಾದ ಮೇಲೆ ಕೈ ಎರಡೂ ಹಿಂದೆ ಇಟ್ಟುಕೊಂಡು ಬರೀ ಕಾಲಲ್ಲಿ ಹೋಗುವುದು, ಹಿಮ್ಮಡಿ ಬೆರಳಿಗೆ ತಾಗಿದರೆ ಮಾತ್ರ ಲೆಕ್ಕ. ಮಂಡಿ ಅಗಲ ಆಗದಿರಲಿ ಅಂತ ತೊಡೆ ಮಧ್ಯೆ ಪುಲ್ ಬಾಯ್, ಅಂದರೆ ತೇಲುವ ಫೋಮ್ ತುಂಡು, ಸಿಕ್ಕಿಸಿಕೊಳ್ಳುತ್ತಿದ್ದೆ. ಈಗಲೂ ಹಳ್ಳಿಯಿಂದ ಬರುವ ಮಕ್ಕಳಿಗೆ ನಾನು ಮಾಡಿಸುವುದು ಇದೇ ಕ್ರಮ. ಬೇರೆ ಅಡ್ಡದಾರಿ ಇಲ್ಲ.

ಈಗ ಗೋಡೆಯ ವಿಷಯ. ಬ್ರೆಸ್ಟ್ ಸ್ಟ್ರೋಕ್‌ನಲ್ಲಿ ಗೋಡೆ ಒದ್ದು ಹೊರಟ ಮೇಲೆ ನೀರಿನ ಅಡಿಯಲ್ಲೇ ಒಂದು ಸಲ ಕೈಯನ್ನು ತೊಡೆಯ ತನಕ ಪೂರ್ತಿ ಎಳೆಯಬಹುದು, ಎರಡೂ ಕಾಲು ಸೇರಿಸಿ ಮೀನಿನ ಬಾಲದ ಹಾಗೆ ಒಂದು ಡಾಲ್ಫಿನ್ ಕಿಕ್ ಹೊಡೆಯಬಹುದು, ಆಮೇಲೆ ಒಂದು ಬ್ರೆಸ್ಟ್ ಸ್ಟ್ರೋಕ್ ಕಿಕ್. ಇದಕ್ಕೆ ಪುಲ್ ಔಟ್ ಅನ್ನುತ್ತಾರೆ. ಆ ಡಾಲ್ಫಿನ್ ಕಿಕ್‌ಗೆ ಒಂದು ಕಥೆ ಇದೆ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಜಪಾನಿನ ಕೊಸುಕೆ ಕಿತಾಜಿಮಾ 100 ಮೀಟರ್ ಬ್ರೆಸ್ಟ್ ಸ್ಟ್ರೋಕ್ ಗೆದ್ದಾಗ, ಆತ ನೀರೊಳಗೆ ಡಾಲ್ಫಿನ್ ಕಿಕ್ ಹೊಡೆದ ಅಂತ ಅಮೆರಿಕದವರು ಗಲಾಟೆ ಎಬ್ಬಿಸಿದರು. ಆಗ ಅದಕ್ಕೆ ಅನುಮತಿ ಇರಲಿಲ್ಲ. ಪದಕ ಅವನ ಹತ್ತಿರವೇ ಉಳಿಯಿತು. ಮರುವರ್ಷ ನಿಯಮವೇ ಬದಲಾಗಿ ಒಂದು ಕಿಕ್‌ಗೆ ಒಪ್ಪಿಗೆ ಸಿಕ್ಕಿತು. ಹಾಸನದ ನಮ್ಮ ಚಿಕ್ಕ ಕೊಳಕ್ಕೂ ಆ ಸುದ್ದಿ ಬಂತು. ಸರ್ ಒಂದು ಸಂಜೆ ಬಂದು ‘ಇನ್ಮೇಲೆ ಒಂದು ಬಾಲ ಬಡೀಬಹುದು’ ಅಂದರು. ನಾವು ವಾರವಿಡೀ ಅದನ್ನೇ ಆಡಿದೆವು.

ಪುಲ್ ಔಟ್‌ನಲ್ಲಿ ನಾನು ಏಳು ಮೀಟರ್ ಹೋಗುತ್ತಿದ್ದೆ. ಈಗ ಲೆಕ್ಕ ನೋಡಿ. 200 ಮೀಟರ್ ಈಜಲು 25ರ ಕೊಳದಲ್ಲಿ ಏಳು ಟರ್ನ್. ಡೈವ್ ಸೇರಿಸಿದರೆ ಎಂಟು ಪುಲ್ ಔಟ್, 56 ಮೀಟರ್. ಅಂದರೆ ಕಾಲು ಭಾಗಕ್ಕೂ ಜಾಸ್ತಿ ದೂರ ಗೋಡೆ ಕೊಟ್ಟ ವೇಗದಲ್ಲೇ ಹೋಗಿಬಿಡುತ್ತದೆ. 50ರ ಕೊಳದಲ್ಲಿ ಮೂರೇ ಟರ್ನ್. ಡೈವ್ ಸೇರಿ ನಾಲ್ಕು ಪುಲ್ ಔಟ್, 28 ಮೀಟರ್. ಉಳಿದ 172 ಮೀಟರನ್ನು ನಾವೇ ಕೈಕಾಲು ಬಡಿದು ದಾಟಬೇಕು. ನಡುವೆ ಎಲ್ಲೂ ಗೋಡೆ ಇಲ್ಲ, ಉಸಿರು ತಿರುಗಿಸಿಕೊಳ್ಳುವ ಜಾಗ ಇಲ್ಲ.

ಮೊದಲ ಸಲ ಬಸವನಗುಡಿಯಲ್ಲಿ ಈಜಿದಾಗ 25 ಮೀಟರ್ ದಾಟುತ್ತಿದ್ದಂತೆ ನನ್ನ ಮೈ ಗೋಡೆ ಹುಡುಕಿತು. ಎದುರಿಗೆ ಬರೀ ನೀಲಿ ನೀರು. ಸ್ಪ್ಲಿಟ್, ಅಂದರೆ ಒಂದೊಂದು ಐವತ್ತು ಮೀಟರ್‌ಗೆ ಹಿಡಿದ ಸೆಕೆಂಡ್, ಬಂದದ್ದು ಹೀಗೆ: 38, 45, 51, 54. ಒಟ್ಟು 3 ನಿಮಿಷ 8 ಸೆಕೆಂಡ್. ಹಾಸನದಲ್ಲಿ ಹಿಡಿದ ಟೈಮಿಂಗ್‌ಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ಸರ್ ಸ್ಪ್ಲಿಟ್ ಬರೆದ ಚೀಟಿ ಮಡಚಿ ನನ್ನ ಕೈಗೆ ಕೊಟ್ಟರು. ಏನೂ ಹೇಳಲಿಲ್ಲ. ಕುಣಿಗಲ್ ದಾಟಿದ ಮೇಲೆ ‘38 ಯಾರಿಗೆ ಬೇಕಿತ್ತು?’ ಅಂತ ಕೇಳಿದರು. ಮೊದಲ ಐವತ್ತು ಅಷ್ಟು ಜೋರಾಗಿ ಹೋಗಿದ್ದಕ್ಕೇ ಕೊನೆಗೆ ಸುಸ್ತಾದದ್ದು ಅಂತ ಅರ್ಥ.

ಅಲ್ಲಿಂದ ಮುಂದೆ ನಾವು ಮಾಡಿದ್ದು ಒಂದೇ ಕೆಲಸ. ಇದ್ದ 25ರ ಕೊಳವನ್ನೇ 50ರ ಕೊಳ ಮಾಡಿಕೊಳ್ಳುವುದು. ಗೋಡೆಗೆ ಒಂದು ಮಾರು ಇರುವಾಗಲೇ, ಗೋಡೆ ಮುಟ್ಟದೆ, ಒದೆಯದೆ, ನೀರಿನಲ್ಲೇ ಮೈ ತಿರುಗಿಸಿ ವಾಪಸ್ ಹೊರಡಬೇಕು. ಕೇಳಲು ಸುಲಭ. ನಿಂತ ನೀರಿನಿಂದ ವೇಗ ಮತ್ತೆ ಹುಟ್ಟಿಸುವುದಿದೆಯಲ್ಲ, ತೊಡೆಯಲ್ಲಿ ಬೆಂಕಿ ಬರುತ್ತದೆ. ಐವತ್ತು ಮೀಟರ್ ಎಂಟು ಸಲ, ಒಂದು ನಿಮಿಷ ಹದಿನೈದು ಸೆಕೆಂಡಿಗೆ ಒಂದರಂತೆ ಹೊರಡುವುದು, ಎಲ್ಲವೂ ನಡುವೆ ಗೋಡೆ ಮುಟ್ಟದೆ. ಒಂದು ಐವತ್ತು ಮುಗಿಸಿ ಉಳಿದ ಸಮಯದಲ್ಲಿ ಕತ್ತಿನ ನರಕ್ಕೆ ಬೆರಳಿಟ್ಟು ಹತ್ತು ಸೆಕೆಂಡ್ ನಾಡಿ ಎಣಿಸಿ ಆರರಿಂದ ಗುಣಿಸುವುದು. ನಮ್ಮ ಹತ್ತಿರ ಇದ್ದ ಯಂತ್ರ ಅಷ್ಟೇ. ಅದರ ಜೊತೆ ಸ್ಟ್ರೋಕ್ ಎಣಿಕೆ. ಸುಸ್ತಾದಾಗ ಎಲ್ಲರೂ ಮಾಡುವುದು ಕೈ ಬೇಗ ಬೇಗ ಬೀಸುವುದು. ಸ್ಟ್ರೋಕ್ ಜಾಸ್ತಿ ಆಗುತ್ತದೆ, ದೂರ ಕಮ್ಮಿ ಆಗುತ್ತದೆ. ಮೊದಲ ಐವತ್ತಕ್ಕೆ ಎಷ್ಟು ಸ್ಟ್ರೋಕ್ ಬಂತೋ ಕೊನೇ ಐವತ್ತಕ್ಕೆ ಅದಕ್ಕಿಂತ ಮೂರ್ನಾಲ್ಕರ ಮೇಲೆ ಹೋಗಬಾರದು ಅಂತ ಸರ್ ಕಟ್ಟಪ್ಪಣೆ. ಗಡಿಯಾರ ಆಮೇಲೆ ನೋಡೋಣ ಅನ್ನುತ್ತಿದ್ದರು.

ದಸರಾ ರಜೆಯಲ್ಲಿ ಇನ್ನೊಂದು ಸೌಲಭ್ಯ ಇತ್ತು. ಅಜ್ಜಿ ಊರು ಗೊರೂರಿನ ಹೇಮಾವತಿ ಹಿನ್ನೀರಿನ ಕಡೆ. ಮಳೆಗಾಲ ಮುಗಿದು ನೀರು ತುಂಬಿರುವಾಗ ಶೆಟ್ಟಿಹಳ್ಳಿಯ ಹಳೇ ಚರ್ಚು ಅರ್ಧ ಮುಳುಗಿ ನಿಂತಿರುತ್ತದಲ್ಲ, ಅದನ್ನು ಗುರಿ ಇಟ್ಟುಕೊಂಡು ಈಜುತ್ತಿದ್ದೆ. ಮಾವ ಪಕ್ಕದಲ್ಲೇ ತೆಪ್ಪದಲ್ಲಿ ಬರುತ್ತಿದ್ದರು, ಹಗ್ಗ ಕಟ್ಟಿದ ಲಾರಿ ಟ್ಯೂಬ್ ಇಟ್ಟುಕೊಂಡು. ಅಲ್ಲಿ ಗೋಡೆಯೇ ಇಲ್ಲ. ಒಂದೇ ಲಯದಲ್ಲಿ ಬಹಳ ಹೊತ್ತು ಹೋಗುವುದು ಹೇಗೆ ಅನ್ನುವುದು ನನಗೆ ಅಲ್ಲೇ ಮೈಗೆ ಹತ್ತಿತು. ಇದನ್ನು ಓದಿ ಯಾರೂ ಮಕ್ಕಳನ್ನು ಹಿನ್ನೀರಿಗೆ ಇಳಿಸಬೇಡಿ. ಅಡಿಯಲ್ಲಿ ಮರದ ಬೊಡ್ಡೆ, ಕೆಸರು, ಹಳೇ ಗೋಡೆ ಏನೇನಿರುತ್ತದೋ. ಮಾವನಿಗೆ ಆ ನೀರು ಅಂಗೈಯಷ್ಟು ಗೊತ್ತಿತ್ತು, ಆದರೂ ಅಜ್ಜಿ ದಡದಲ್ಲಿ ನಿಂತು ಇಬ್ಬರಿಗೂ ಬೈಯುತ್ತಿದ್ದರು.

ಚಳಿ ಬಗ್ಗೆ ಹೇಳದಿದ್ದರೆ ಹಾಸನದವಳು ಅನ್ನಿಸಿಕೊಳ್ಳುವುದಿಲ್ಲ. ಸ್ಪರ್ಧೆಯ ಕೊಳದ ನೀರು 25ರಿಂದ 28 ಡಿಗ್ರಿ ಇರಬೇಕು ಅಂತ ನಿಯಮ. ನಮ್ಮ ಕೊಳಕ್ಕೆ ಹೀಟರ್ ಇರಲಿಲ್ಲ. ಡಿಸೆಂಬರ್ ಬೆಳಿಗ್ಗೆ ಮಂಜಿನಲ್ಲಿ ಎದುರಿನ ದಡ ಕಾಣುತ್ತಿರಲಿಲ್ಲ. ನೀರು ಮೈಯ ಶಾಖವನ್ನು ಗಾಳಿಗಿಂತ ಎಷ್ಟೋ ಪಟ್ಟು ಬೇಗ ಎಳೆದುಕೊಳ್ಳುತ್ತದೆ, ಹಲ್ಲು ಕಟಕಟ ಅನ್ನಲು ಶುರುವಾದರೆ ಸ್ಟ್ರೋಕ್ ಕೆಡುತ್ತದೆ. ಹಾಗಾಗಿ ಚಳಿಗಾಲದಲ್ಲಿ ನೀರಿನ ಅಭ್ಯಾಸ ಸಂಜೆಗೆ, ಬೆಳಿಗ್ಗೆ ಒಣ ನೆಲದ ಮೇಲೆ. ಸೈಕಲ್ ಅಂಗಡಿಯಿಂದ ಹಳೇ ಟ್ಯೂಬ್ ತಂದು, ಉದ್ದಕ್ಕೆ ಸೀಳಿ, ನಡುಮನೆ ಕಿಟಕಿ ಸರಳಿಗೆ ಕಟ್ಟಿ, ಸೊಂಟ ಬಗ್ಗಿಸಿ ನಿಂತು ಕೈ ಎಳೆಯುತ್ತಿದ್ದೆ. ಕಿಟಕಿ ಸಡಿಲ ಆಯಿತು ಅಂತ ಅಪ್ಪ ಗೊಣಗಿದರು. ಬಡಗಿ ಬಂದು ಸರಿ ಮಾಡಿ ಹೋದ, ನಾನು ಟ್ಯೂಬನ್ನು ಪಕ್ಕದ ಕಿಟಕಿಗೆ ಬದಲಾಯಿಸಿದೆ.

ಊಟದ ವಿಷಯದಲ್ಲಿ ದೊಡ್ಡ ರಹಸ್ಯ ಏನಿಲ್ಲ. ಪ್ರೋಟೀನ್ ಡಬ್ಬ ಕೊಳ್ಳುವ ಶಕ್ತಿ ಇರಲಿಲ್ಲ. ನೀರಿನಿಂದ ಎದ್ದ ಅರ್ಧ ಗಂಟೆಯೊಳಗೆ ಹೊಟ್ಟೆಗೆ ಏನಾದರೂ ಬೀಳಬೇಕು, ಅದೊಂದೇ ನಿಯಮ. ಅಮ್ಮ ಅಕ್ಕಿ ರೊಟ್ಟಿಗೆ ತುಪ್ಪ, ಹುಚ್ಚೆಳ್ಳು ಚಟ್ನಿಪುಡಿ ಹಾಕಿ ಸುತ್ತಿ ಕೊಡುತ್ತಿದ್ದರು, ಜೊತೆಗೆ ಎರಡು ಬೇಯಿಸಿದ ಮೊಟ್ಟೆ. ಕ್ಲಾಸಿನಲ್ಲಿ ಮೊದಲ ಪೀರಿಯಡ್‌ಗೆ ನಿದ್ದೆ ಗ್ಯಾರಂಟಿ.

ಹುಡುಗಿಯರು ಈಜು ಬಿಡುವುದು ಹೆಚ್ಚಾಗಿ ಎಂಟನೇ ಕ್ಲಾಸಿನಿಂದ ಎಸ್ಸೆಸ್ಸೆಲ್ಸಿ ನಡುವೆ. ಕಾರಣಗಳು ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಟ್ಯೂಷನ್ ಒಂದು. ಮುಟ್ಟು ಇನ್ನೊಂದು. ಆ ದಿನಗಳಲ್ಲಿ ಏನು ಮಾಡಬೇಕು ಅಂತ ನನಗೆ ಹೇಳಿಕೊಟ್ಟಿದ್ದು ಬೆಂಗಳೂರಿನ ಸೀನಿಯರ್ ಅಕ್ಕ ಒಬ್ಬರು, ಬಟ್ಟೆ ಬದಲಾಯಿಸುವ ಕೋಣೆಯಲ್ಲಿ. ಮುಟ್ಟಿನಲ್ಲಿ ಒಳಗೆ ಇಟ್ಟುಕೊಳ್ಳುವ ಟ್ಯಾಂಪನ್ ಅಂತ ಒಂದಿದೆ ಅಂತ ಅಲ್ಲಿಯ ತನಕ ಗೊತ್ತೇ ಇರಲಿಲ್ಲ. ಈಗ ಮುಟ್ಟಿನ ಕಪ್ ಕೂಡ ಸುಲಭವಾಗಿ ಸಿಗುತ್ತದೆ. ನನ್ನ ಬ್ಯಾಚಿನ ಹುಡುಗಿಯರಿಗೆ, ಅವರ ಅಮ್ಮಂದಿರಿಗೆ ನಾನು ಇದನ್ನು ಮೊದಲ ತಿಂಗಳೇ ಹೇಳಿಬಿಡುತ್ತೇನೆ. ಇನ್ನು ‘ಕಪ್ಪಗಾಗಿಬಿಟ್ಟೆಯಲ್ಲೇ’ ಅನ್ನುವ ನೆಂಟರು. ಅವರಿಗೆ ಉತ್ತರ ಇಲ್ಲ, ಕಾಫಿ ಕೊಟ್ಟು ಕಳಿಸುವುದು. ಕೂದಲಿಗೆ ಮಾತ್ರ ಉಪಾಯ ಇದೆ. ಕೊಳಕ್ಕೆ ಇಳಿಯುವ ಮೊದಲು ನಲ್ಲಿ ನೀರಿನಲ್ಲಿ ಕೂದಲು ಪೂರ್ತಿ ನೆನೆಸಿ, ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ, ಮೇಲೆ ಕ್ಯಾಪ್ ಹಾಕಿ. ಮೊದಲೇ ನೆನೆದ ಕೂದಲು ಕ್ಲೋರಿನ್ ನೀರನ್ನು ಕಮ್ಮಿ ಹೀರುತ್ತದೆ.

2009ರಲ್ಲಿ ನಾನು ಎರಡನೆಯವಳು. ಅದು ಈಜು ಸೂಟ್‌ಗಳ ಹುಚ್ಚಿನ ವರ್ಷ. ಪಾಲಿಯುರೆಥೇನ್ ಅನ್ನುವ ರಬ್ಬರಿನಂಥ ವಸ್ತುವಿನ ಸೂಟ್ ಹಾಕಿದರೆ ಮೈ ತೇಲುತ್ತದೆ, ನೀರಿನ ತಡೆ ಕಮ್ಮಿ ಆಗುತ್ತದೆ. ಆ ವರ್ಷ ರೋಮ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 43 ವಿಶ್ವದಾಖಲೆ ಬಿದ್ದವು ಅಂದರೆ ಯೋಚನೆ ಮಾಡಿ. ಒಂದು ಸೂಟಿನ ಬೆಲೆ ಅಪ್ಪನ ತಿಂಗಳ ಸಂಬಳ ಮೀರುತ್ತಿತ್ತು. ಗೆದ್ದ ಹುಡುಗಿ ಅಂಥದ್ದನ್ನು ಹಾಕಿದ್ದಳು. ಸೂಟಿನಿಂದಲೇ ಗೆದ್ದಳು ಅನ್ನಲಾರೆ, ಅವಳ ಪುಲ್ ಔಟ್ ನನ್ನದಕ್ಕಿಂತ ಚೆನ್ನಾಗಿತ್ತು. 2010ರ ಜನವರಿ 1ರಿಂದ ಆ ಸೂಟ್‌ಗಳೆಲ್ಲ ನಿಷೇಧ ಆದವು. ಹೆಂಗಸರಿಗೆ ಭುಜದಿಂದ ಮಂಡಿಯ ತನಕ, ಅದೂ ಬಟ್ಟೆಯದ್ದೇ ಆಗಬೇಕು.

ಆ ವರ್ಷದ ಫೈನಲ್‌ಗೆ ಮೂರು ವಾರ ಮುಂಚೆಯಿಂದ ಅಭ್ಯಾಸದ ದೂರ ಇಳಿಸುತ್ತಾ ಬಂದೆವು, ವೇಗ ಮಾತ್ರ ಉಳಿಸಿಕೊಂಡೆವು. ಸ್ಟಾರ್ಟಿಂಗ್ ಬ್ಲಾಕಿನ ಹತ್ತಿರ ಸರ್ ಹೇಳಿದ್ದು ಇಷ್ಟೇ: ‘40.’ ಮೊದಲ ಐವತ್ತು 40ಕ್ಕೆ ಬರಬೇಕು, ಒಂದು ಸೆಕೆಂಡ್ ಬೇಗ ಬಂದರೂ ಜಗಳ. ಐವತ್ತು ಮುಟ್ಟುವಾಗ ನಾನು ಐದನೆಯವಳು. ಪಕ್ಕದ ಲೇನಿನವಳ ಕಾಲು ಮುಂದೆ ಕಾಣುತ್ತಿತ್ತು. ನೂರಕ್ಕೂ ನಾಲ್ಕನೆಯವಳು. ಮೂರನೇ ಐವತ್ತರ ಅರ್ಧ ದಾಟಿದ ಮೇಲೆ ಅವಳ ಕೈ ಬೀಸು ಬೇಗ ಆದದ್ದು ಕಂಡಿತು. ಅಲ್ಲಿಗೆ ಅವಳ ಕಥೆ ಮುಗಿಯಿತು ಅಂತ ಗೊತ್ತಾಯಿತು, ಅದು ನನ್ನದೇ ಹಳೇ ಕಥೆ ಅಲ್ವಾ. ನನ್ನ ಸ್ಪ್ಲಿಟ್: 40, 43, 44, 44. ಒಟ್ಟು 2 ನಿಮಿಷ 51. ಮೊದಲ ಸಲಕ್ಕಿಂತ ಮೊದಲ ಐವತ್ತು ಎರಡು ಸೆಕೆಂಡ್ ನಿಧಾನ, ಪೂರ್ತಿ ರೇಸು 17 ಸೆಕೆಂಡ್ ಬೇಗ.

ಆಮೇಲಿನದು ಬೇಗ ಹೇಳಿ ಮುಗಿಸುತ್ತೇನೆ. ಡಿಗ್ರಿಯಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪರವಾಗಿ ಈಜಿದೆ, ಸರಸ್ವತಿಪುರಂ ಕೊಳದಲ್ಲಿ ಅಭ್ಯಾಸ. ರಾಷ್ಟ್ರೀಯ ಕೂಟದಲ್ಲಿ ಒಂಟಿಯಾಗಿ ಪದಕ ಬರಲಿಲ್ಲ, ನಾಲ್ವರು ಒಬ್ಬೊಬ್ಬರು ಒಂದೊಂದು ಸ್ಟ್ರೋಕ್ ಈಜುವ ಮೆಡ್ಲೆ ರಿಲೇಯಲ್ಲಿ ಬಂತು. ಮಂಡಿಯ ಒಳಬದಿ ನೋವು ಶುರುವಾಯಿತು. ಬ್ರೆಸ್ಟ್ ಸ್ಟ್ರೋಕ್‌ನವರಿಗೆ ಇದು ಮಾಮೂಲು, ಆ ಕಿಕ್ ಮಂಡಿಯನ್ನು ಅದರ ಸ್ವಭಾವಕ್ಕೆ ವಿರುದ್ಧ ತಿರುಚುತ್ತದೆ. ಡಿಗ್ರಿ ಮುಗಿಯುವುದಕ್ಕೂ ಸ್ಪರ್ಧೆ ನಿಲ್ಲಿಸುವುದಕ್ಕೂ ಸರಿಹೋಯಿತು. ಕ್ರೀಡಾ ಕೋಟಾದಲ್ಲಿ ಕೆಲಸ ಸಿಕ್ಕಿತು. ಈಗ ಆಫೀಸಿಗೆ ಹೋಗುವ ಮುಂಚೆ ಹಾಸನದಲ್ಲಿ ಮಕ್ಕಳಿಗೆ ಹೇಳಿಕೊಡುತ್ತೇನೆ.

2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಬೆಂಗಳೂರಿನ ಧಿನಿಧಿ ದೇಸಿಂಗು 14ನೇ ವಯಸ್ಸಿಗೇ ಹೋದ ಮೇಲೆ ನನ್ನ ಫೋನಿಗೆ ಬಿಡುವಿಲ್ಲ. ‘ಮೇಡಂ, ನಮ್ಮ ಮಗೂನ ಈಗಲೇ ಬೆಂಗಳೂರಿಗೆ ಸೇರಿಸಬೇಕಾ?’ ಹತ್ತು ವರ್ಷದ ಮಗುವಿಗೆ ಬೇಡ ಅನ್ನುತ್ತೇನೆ. ಕಾಲು, ಪುಲ್ ಔಟ್, ಡೈವ್ ಇಲ್ಲೇ ಕಲಿಯಬಹುದು, ಅದಕ್ಕೆ 25 ಮೀಟರ್ ಧಾರಾಳ ಸಾಕು. ವರ್ಷಕ್ಕೆ ಕೆಲವು ಸಲ ಮೈಸೂರಿಗೋ ಬೆಂಗಳೂರಿಗೋ ಕರೆದುಕೊಂಡು ಹೋಗಿ 50ರ ಕೊಳದಲ್ಲಿ ಟೈಮ್ ಹಿಡಿಸಿ, ಸ್ಪ್ಲಿಟ್ ಬರೆದಿಟ್ಟುಕೊಳ್ಳಿ. ಮೊದಲ ಐವತ್ತಕ್ಕೂ ಕೊನೇ ಐವತ್ತಕ್ಕೂ ಅಂತರ ಕಮ್ಮಿ ಆಗುತ್ತಾ ಬಂದು, ರಾಜ್ಯ ಫೈನಲ್‌ಗೆ ಬರುವ ಹಾಗಾದರೆ ಆಗ ಮಾತಾಡೋಣ. ಅಷ್ಟರಲ್ಲಿ ಬಸವನಗುಡಿ ಆಸುಪಾಸಿನಲ್ಲಿ ಚಿಕ್ಕಮ್ಮನೋ ದೊಡ್ಡಪ್ಪನೋ ಯಾರ ಮನೆ ಇದೆ, ಬೆಳಗಿನ ಜಾವ ನಾಲ್ಕೂವರೆಗೆ ಮಗುವನ್ನು ಎಬ್ಬಿಸಿ ಕೊಳಕ್ಕೆ ಬಿಡುವವರು ಯಾರು ಅಂತ ವಿಚಾರಿಸಿ ಇಟ್ಟುಕೊಳ್ಳಿ.